ಬಿಳಿ ಹಂಸದ ಈಜುಡುಗೆ

ಸೋಮಲಾಪುರ ತೋಟದ ಮನೆ,
ಅಂಚೆ: ಅಮ್ಮಸಂದ್ರ
14-2-1979

ಪೂಜ್ಯ ಅತ್ತಿಗೆ ದ್ರಾಕ್ಷಾಯಣಮ್ಮನವರಿಗೆ,

ನಿಮ್ಮ ತಮ್ಮನ ಹೆಂಡತಿ ಗಿರಿಜಾಂಬಿಕಾ ಮಾಡುವ ನಮಸ್ಕಾರಗಳು. ಅತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿದರೇ? ಆಪರೇಷನ್ ಆದವರು ಅಳಬಾರದು, ಗಾಬರಿಯಾಗಬಾರದು ಎಂದು ಡಾಕ್ಟರು ಹೇಳಿದ್ದಾಗಿ ಬರೆದಿದ್ದಿರಿ. ಆದ್ದರಿಂದ ಈ ವಿಷಯವನ್ನು ಅವರ ಕಿವಿಗೆ ಹಾಕಬೇಡಿ. ನಿಮಗೊಬ್ಬರಿಗೇ ಎಂದು ಬರೆಯುತ್ತಿದ್ದೇನೆ.

ಅತ್ತೆಯವರು ತಿಪಟೂರಿನಲ್ಲಿ ನಿಮ್ಮ ಹತ್ತಿರ ಇರುವುದರಿಂದ ಈ ಸಲ ಅಟ್ಟ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾಗಿ ಏಳು ವರ್ಷವಾದರೂ ಅವರು ನನ್ನನ್ನು ಅಟ್ಟ ಹತ್ತಲು ಬಿಟ್ಟವರಲ್ಲ. ನಾನು ಹುಳಿಯಾರು ಕಡೆಯವಳು. ನಮ್ಮಲ್ಲಿ ಇರುವುದು ರಾಗಿ, ಕುರಿ. ತೆಂಗಿನಕಾಯಿಯನ್ನು ವರ್ಷಪೂರ್ತಿ ಅಟ್ಟದ ಮೇಲೆ ಮುಟ್ಟದೆ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯಾಗುವುದನ್ನು ಕಂಡದ್ದು ಇಲ್ಲಿಗೆ ಬಂದ ಮೇಲೆ. ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡೋಣವೆಂದು ಒಂದು ಕಾಯಿಯೂ ಉಳಿಯದಂತೆ ಇಳಿಸಿ, ಹಲಗೆ ಗುಡಿಸಿದೆ.

ನಿನ್ನೆ ಕೊನೆಯ ಕಾಯಿಗಳನ್ನು ತೆಗೆಯುವಾಗ ಕೆಲಸದ ತಿಮ್ಮಕ್ಕನ ಕೈಗೆ ಒಂದು ಗಂಟು ಸಿಕ್ಕಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಜೊತೆಗೆ ಒಂದು ವಿಭೂತಿ ಗಟ್ಟಿಯನ್ನೂ ಇಟ್ಟು ಕಟ್ಟಿದ್ದರು. ಬಿಚ್ಚಿದರೆ ಕಡುನೀಲಿ ಬಣ್ಣದ ತುಂಡು ಉಡುಗೆ. ತೋಳಿಲ್ಲ, ಕಾಲಿಲ್ಲ, ಸೊಂಟದ ಸುತ್ತ ಗೇಣುದ್ದದ ನೆರಿಗೆ. ಎಡಗಡೆ ಬಿಳಿ ದಾರದಲ್ಲಿ ಕಸೂತಿ ಹಾಕಿದ ಹಂಸ, ಅದರ ಕೊಕ್ಕಿನ ದಾರ ಬಿಚ್ಚಿಹೋಗಿದೆ. ತಿಮ್ಮಕ್ಕ ಅದನ್ನು ಎತ್ತಿ ಹಿಡಿದು, “ಇದ್ಯಾವ ಬೆರ್ಚಪ್ಪನ ಅಂಗೀರಮ್ಮ? ಇದ ಹಾಕಿದ್ರೆ ಕಾಗೆ ಓಡ್ತಾವೋ ಇಲ್ಲಾ ಊರಿನ ಗಂಡಸ್ರು ಓಡಿ ಬತ್ತಾರೋ?” ಎಂದಳು. ವಿಭೂತಿ ಕಂಡ ಮೇಲೆ ನಗು ನಿಂತಿತು. “ಮಾಟ ಇರ್ಬೋದು ಕಣ್ರವ್ವ” ಎಂದು ಕೈ ತೊಳೆಯಲು ಹೋದಳು.

ಅದು ಸಿನಿಮಾದ ಹೆಂಗಸರು ಹಾಕುವ ಸ್ವಿಮ್ಮಿಂಗ್ ಡ್ರೆಸ್ಸು. ಒಳಗಡೆ, ಎದೆಯ ಮಧ್ಯಕ್ಕೆ ಬರುವಂತೆ, ಕೆಂಪು ಬಟ್ಟೆಯ ಒಂದು ಪುಟ್ಟ ಜೇಬು ಇದೆ. ನಿಂಬೆಹಣ್ಣು ಹಿಡಿಯುವಷ್ಟು. ಮೇಲೆ ಗುಂಡಿ. ಉಳಿದದ್ದೆಲ್ಲ ಮಿಷನ್ ಹೊಲಿಗೆ, ಇದೊಂದು ಮಾತ್ರ ಕೈಹೊಲಿಗೆ. ಅಂಥವರು ಅಲ್ಲಿ ಏನನ್ನು ಬಚ್ಚಿಟ್ಟುಕೊಳ್ಳುತ್ತಾರೋ ನಾನರಿಯೆ.

ನಮ್ಮಪ್ಪ ಪೇಪರ್ ಏಜೆಂಟರು. ಇದ್ದದ್ದನ್ನು ಇದ್ದ ಹಾಗೆ ಜೋಡಿಸಿ ನೋಡು ಎನ್ನುತ್ತಿದ್ದರು. ಅಟ್ಟಕ್ಕೆ ಕಾಯಿ ತುಂಬಿದ್ದು ಹೋದ ವರ್ಷ ಶಿವರಾತ್ರಿಗೆ ಮುಂಚೆ. ತುಂಬಿದ ಮೇಲೆ ರಾಶಿಯ ಅಡಿಗೆ ಏನನ್ನೂ ಇಡಲು ಬರುವುದಿಲ್ಲ. ಹಾಗಾದರೆ ಇಟ್ಟದ್ದು ಅಟ್ಟ ಖಾಲಿಯಿದ್ದ ಹೋದ ವರ್ಷದ ಆ ಒಂದು ವಾರದಲ್ಲಿ. ಅದೇ ವಾರ ಇವರು ಕಾಯಿ ಲಾರಿಯ ಜೊತೆ ಮದರಾಸಿಗೆ ಹೋಗಿ, ಹೇಳಿದ್ದಕ್ಕಿಂತ ತಡವಾಗಿ ಬಂದರು. ಲಾರಿಯ ಆಕ್ಸಲ್ ಮುರಿಯಿತು ಎಂದರು. ಅಂದು ನಂಬಿದ್ದೆ.

ಇವರಿಗೆ ತೋರಿಸಿದೆ. “ನಂಗ್ಯಾಕೆ ತೋರಿಸ್ತೀಯೇ, ನಾನೇನು ಹಾಕ್ಕಂತೀನಾ?” ಎಂದು ನಕ್ಕರು. ಆಮೇಲೆ ಅದನ್ನು ಸುತ್ತಿದ್ದ ಬಟ್ಟೆಯನ್ನು ನೋಡಿದರು. ನಗು ಹೋಯಿತು. ಎದ್ದು ತೋಟಕ್ಕೆ ಹೋದವರು ಊಟಕ್ಕೂ ಬರಲಿಲ್ಲ.

ನೀವು ಇವರಿಗೆ ಅಕ್ಕ, ತಾಯಿಯ ಹಾಗೆ. ಮದರಾಸಿನ ವಿಷಯ ನಿಮಗೇನಾದರೂ ಗೊತ್ತಿದ್ದರೆ ಮುಚ್ಚಿಡಬೇಡಿ.

ಉತ್ತರಕ್ಕೆ ಕಾದಿರುವ,
ಗಿರಿಜಾಂಬಿಕಾ

*

ತಿಪಟೂರು
23-2-1979

ಚಿ. ಸೌ. ಗಿರಿಜಾಂಬಿಕಾಳಿಗೆ ದ್ರಾಕ್ಷಾಯಣಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಒಂದು ಮಾತು ನಿನಗೆ ತಿಳಿದಿರಲಿಲ್ಲವೆಂದು ತೋರುತ್ತದೆ. ನಮ್ಮ ಮನೆಗೆ ಬರುವ ಕಾಗದಗಳನ್ನು ಯಜಮಾನರೇ ಒಡೆದು, ಊಟವಾದ ಮೇಲೆ ಎಲ್ಲರ ಮುಂದೆ ಓದುವುದು ಪದ್ಧತಿ. ನನಗೊಬ್ಬಳಿಗೇ ಎಂದು ನೀನು ಬರೆದ ಸಾಲನ್ನೂ ಅವರೇ ಓದಿದರು.

ಅವ್ವ ಪಟ್ಟಿ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆವು. ನೀನು ಗಂಟು ಸಿಕ್ಕಿದ್ದನ್ನು ಬರೆದ ಕಡೆ ಬಂದಾಗ ಎದ್ದು ಕುಳಿತು, “ಮೂಲೆಕಾಯಿ ತೆಗ್ದುಬುಟ್ಲಾ ಅವ್ಳು? ಯಾರೇ ಹೇಳಿದ್ದು ತೆಗಿ ಅಂತ?” ಎಂದಳು. ಅವಳನ್ನು ಸಮಾಧಾನ ಮಾಡುವುದೇ ಕಷ್ಟವಾಯಿತು. ನಿನಗೆ ಯಾರೂ ಹೇಳಿಕೊಡದೆ ಇದ್ದದ್ದು ನಮ್ಮ ತಪ್ಪು. ಅಟ್ಟ ಬರಿದಾಗಬಾರದೆಂದು ಈಶಾನ್ಯ ಮೂಲೆಯಲ್ಲಿ ಐದು ಕಾಯಿ ಬಿಡುವುದು ನಮ್ಮಜ್ಜಿಯ ಕಾಲದಿಂದ ಬಂದದ್ದು. ಅವನ್ನು ಇಳಿಸುವುದೂ ಇಲ್ಲ, ಮಾರುವುದೂ ಇಲ್ಲ.

ಸಿಕ್ಕಿದ ವಸ್ತುವಿನ ಬಗ್ಗೆ ನಾನು ಹೇಳುವುದೇನೂ ಇಲ್ಲ. ಯಾರದ್ದೋ, ಎಂದಿನದೋ. ಒಲೆಗೆ ಹಾಕಿ ಸುಟ್ಟುಬಿಡು. ನನ್ನ ತಮ್ಮ ಶಂಭುವನ್ನು ಮತ್ತೆ ಮತ್ತೆ ಕೇಳಬೇಡ. ಅವನು ಮುಚ್ಚುಮರೆ ಬಲ್ಲವನಲ್ಲ.

ನಮ್ಮ ಮಗಳು ಸರ್ವಮಂಗಳೆಯನ್ನು ನೋಡಲು ಅರಸೀಕೆರೆ ಕಡೆಯವರು ಬರುವ ಮಾತಿದೆ. ಹುಡುಗ ಲೆಕ್ಚರರು.

ಇಂತು,
ದ್ರಾಕ್ಷಾಯಣಮ್ಮ

ಈ ಕಾಗದವನ್ನು ನಾನು ಓದಿದ್ದೇನೆ. ಸುಡತಕ್ಕದ್ದಲ್ಲ. ವಸ್ತು ಸಾಕ್ಷಿಯಾಗಿ ಇರಲಿ. ಅಂಥದ್ದು ಒಂದು ಶರಣರ ಮನೆಗೆ ಹೇಗೆ ಬಂತೆಂಬುದು ತಿಳಿಯಬೇಕು. — ಎಂ. ರೇವಣಸಿದ್ದಯ್ಯ, ಹೆಡ್‌ಮಾಸ್ಟರ್

*

ಸೋಮಲಾಪುರ ತೋಟದ ಮನೆ
12-3-1979

ಪೂಜ್ಯ ಅತ್ತಿಗೆಯವರಿಗೂ, ಈ ಕಾಗದವನ್ನು ಮೊದಲು ಓದುವ ಅಣ್ಣನವರಿಗೂ ನಮಸ್ಕಾರಗಳು.

ನನ್ನ ಕಾಗದದ ಒಂದು ಪ್ರತಿ ನನ್ನಲ್ಲಿಲ್ಲ, ಆದರೆ ಬರೆದದ್ದು ನೆನಪಿದೆ. ಗಂಟು ಅಟ್ಟದ ಯಾವ ಜಾಗದಲ್ಲಿ ಸಿಕ್ಕಿತೆಂದು ನಾನು ಬರೆದಿರಲಿಲ್ಲ. ಕೊನೆಯ ಕಾಯಿಗಳನ್ನು ತೆಗೆಯುವಾಗ ಎಂದಷ್ಟೇ ಬರೆದೆ. ಒಂದು ಕಾಯಿಯೂ ಉಳಿಸಲಿಲ್ಲ ಎಂದ ಕಡೆ ಏಳದ ಅತ್ತೆಯವರು ಗಂಟು ಎಂದ ಕೂಡಲೇ ಎದ್ದರು. ಸಿಕ್ಕಿದ್ದು ಮೂಲೆಯಲ್ಲೇ, ನಿಜ. ಅದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಿಪಟೂರಿನಲ್ಲಿ ಮಲಗಿದ್ದ ಅತ್ತೆಯವರಿಗೆ ಹೇಗೆ ಗೊತ್ತಾಯಿತು?

ಅವರಿಗೆ ಮೊದಲೇ ಗೊತ್ತಿತ್ತು. ಮಗನ ಗುಟ್ಟನ್ನು ತಾಯಿ ಕಾಯುತ್ತಿದ್ದಾರೆ. ನನ್ನನ್ನು ಏಳು ವರ್ಷ ಅಟ್ಟ ಹತ್ತಿಸದ ಕಾರಣವೂ ಈಗ ತಿಳಿಯಿತು.

ವರ್ಷವರ್ಷವೂ ಕದಲಿಸದ ಕಾಯಿಗಳಾದರೆ ಅದರಡಿ ಇದ್ದದ್ದು ಹೋದ ವರ್ಷದ್ದೇ ಎನ್ನಲಾಗದು, ಒಪ್ಪಿದೆ. ಆದರೆ ಐದು ಕಾಯಿಯನ್ನು ಎತ್ತಿ ಮತ್ತೆ ಇಡಲು ಎಷ್ಟು ಹೊತ್ತು ಬೇಕು? ಹೋದ ವರ್ಷವೂ ಇಡಬಹುದು.

ಇನ್ನೊಂದು ಸಂಗತಿ. ನಿನ್ನೆ ಭಾನುವಾರದ ಪುರವಣಿಯಲ್ಲಿ ಸಿನಿಮಾ ತಾರೆ ಜಲಜಾಕ್ಷಿಯ ಬಗ್ಗೆ ಅರ್ಧ ಪುಟ ಬಂದಿದೆ. ಆಕೆ ಮದರಾಸಿನಲ್ಲಿ ನಿವೃತ್ತಿಯಾಗಿ ಇದ್ದಾರಂತೆ. ಇಪ್ಪತ್ತು ವರ್ಷದ ಹಿಂದಿನ ಚಿತ್ರ ಹಾಕಿದ್ದಾರೆ. ಮೈಮೇಲೆ ಅದೇ ಉಡುಗೆ. ಹಂಸ ಅದೇ. ಕೊಕ್ಕು ಮಾತ್ರ ಇನ್ನೂ ಬಿಚ್ಚಿಲ್ಲ. “ನನ್ನ ಹೆಸರನ್ನು ಮನೆಮಾತು ಮಾಡಿದ ಆ ಈಜುಡುಗೆ ಶೂಟಿಂಗ್ ಸಮಯದಲ್ಲಿ ಕಳುವಾಯಿತು, ಮತ್ತೆ ಸಿಗಲಿಲ್ಲ” ಎಂದು ಆಕೆ ಹೇಳಿದ್ದಾರೆ. ಶೂಟಿಂಗ್ ಎಲ್ಲಿ ನಡೆಯಿತೆಂದು ಬರೆದಿಲ್ಲ.

ಇವರ ಟ್ರಂಕಿನ ಮುಚ್ಚಳದ ಒಳಗಡೆ ಜಲಜಾಕ್ಷಿಯ ಪಟ ಅಂಟಿಸಿರುವುದು ನಿಮಗೆ ಗೊತ್ತೇ? ಹುಡುಗನಾಗಿದ್ದಾಗ ಅಂಟಿಸಿದ್ದು ಎನ್ನುತ್ತಾರೆ. ಕದ್ದ ಮಾಲು ಮದರಾಸಿನಲ್ಲಿ ಮಾರಾಟಕ್ಕೆ ಬಂದಿರಬೇಕು, ಇವರು ತಂದಿರಬೇಕು. ಅಥವಾ ಯಾರಾದರೂ ಕೊಟ್ಟಿರಬೇಕು. ಕೊಟ್ಟಿದ್ದರೆ ಯಾಕೆ ಕೊಟ್ಟರು, ಏನಾಗಿ ಕೊಟ್ಟರು? ನಾನು ಕೇಳಿದರೆ ಇವರು, “ಬುಡು ಅತ್ಲಾಗೆ, ನಂಗೊತ್ತಿಲ್ಲ” ಎನ್ನುತ್ತಾರೆ. ಗೊತ್ತಿಲ್ಲದವರು ಹಾಗೆ ನೆಲ ನೋಡಿ ಮಾತಾಡುವುದಿಲ್ಲ.

ನಾಳೆ ಮಗಳು ಪುಟ್ಟಿಯನ್ನು ಕರೆದುಕೊಂಡು ಹುಳಿಯಾರಿಗೆ ಹೊರಡುತ್ತೇನೆ. ಆ ವಸ್ತು ನನ್ನ ಜೊತೆ ಬರುತ್ತದೆ. ನಿಜ ಹೇಳುವವರು ಈ ಮನೆಯಲ್ಲಿ ಒಬ್ಬರಾದರೂ ಇದ್ದಾರೆಂದು ತಿಳಿಯುವ ತನಕ ನಾನು ಹಿಂತಿರುಗುವುದಿಲ್ಲ.

ಗಿರಿಜಾಂಬಿಕಾ

*

ತಿಪಟೂರು
9-4-1979

ಚಿ. ಸೌ. ಗಿರಿಜಾಂಬಿಕಾಳಿಗೆ ಆಶೀರ್ವಾದಗಳು.

ನೀನು ತವರಿಗೆ ಹೋದ ಸುದ್ದಿ ತಿಳಿದು ಅವ್ವ ಅತ್ತಳು. ಅಳಬಾರದೆಂದು ಹೇಳಿದ್ದರೂ ಅತ್ತಳು. ಎಡಗಣ್ಣು ಮತ್ತೆ ಕೆಂಪಾಗಿದೆ.

ಗಿರಿಜಾ, ಶಂಭುವಿನ ಮೇಲೆ ಅನುಮಾನ ಬೇಡ. ನಿನಗೂ ಅವನಿಗೂ ನಡುವೆ ಯಾವ ಹೆಂಗಸೂ ಇಲ್ಲ. ಇದು ಹೇಗೆ ಗೊತ್ತೆಂದು ಕೇಳಬೇಡ. ನನ್ನ ಮಾತನ್ನು ನಂಬಿ ಮನೆಗೆ ಹಿಂತಿರುಗು. ಆ ಬಟ್ಟೆ ಅವನು ಹತ್ತು ವರ್ಷದ ಹುಡುಗನಾಗಿದ್ದಾಗಲೇ ನಮ್ಮ

ಇಲ್ಲಿಂದ ಮುಂದೆ ನಾನೇ ಬರೆಯುತ್ತೇನೆ. ನಿನ್ನ ಅತ್ತಿಗೆ ತಲೆನೋವು ಎಂದು ಎದ್ದು ಹೋಗಿದ್ದಾಳೆ.

ಗಿರಿಜಾಂಬಿಕಾ, ನೀನು ವಿಷಯವನ್ನು ಕ್ರಮವಾಗಿ ಬರೆಯುತ್ತೀಯೆ. ಅದಕ್ಕೆ ಮೆಚ್ಚಿಗೆ. ಆದರೆ ಇದು ಹೆಂಗಸರು ಕಾಗದದಲ್ಲಿ ತೀರಿಸಿಕೊಳ್ಳುವ ವ್ಯವಹಾರವಲ್ಲ. ಮೇ ತಿಂಗಳ ಕೊನೆಯ ಭಾನುವಾರ ನಾನು ಇಬ್ಬರು ಹಿರಿಯರೊಡನೆ ಸೋಮಲಾಪುರಕ್ಕೆ ಬರುತ್ತೇನೆ. ಆ ವಸ್ತುವನ್ನು ಎಲ್ಲರ ಮುಂದೆ ಇಡತಕ್ಕದ್ದು. ಶಂಭುಲಿಂಗಯ್ಯನೂ ನನ್ನ ಅತ್ತೆಯವರೂ ಕೇಳಿದ್ದಕ್ಕೆ ಉತ್ತರ ಹೇಳತಕ್ಕದ್ದು. ಮಗಳಿಗೆ ಸಂಬಂಧ ಕುದುರುವ ಹೊತ್ತಿನಲ್ಲಿ ಹೆಂಡತಿಯ ತವರಿನ ಮೇಲೆ ಒಂದು ಮಾತು ಬರುವುದನ್ನು ನಾನು ಸಹಿಸುವುದಿಲ್ಲ. ಅದನ್ನು ಮೈಮೇಲೆ ಹಾಕಿಕೊಂಡ ಹೆಂಗಸು ಯಾವಳೇ ಆಗಿರಲಿ, ಅವಳು ತುಳಿದ ಹೊಸಿಲನ್ನು ನನ್ನ ಮನೆಯವರು ತುಳಿಯುವುದಿಲ್ಲ. ಇದು ನನ್ನ ಕೊನೆಯ ಮಾತು.

ಎಂ. ರೇವಣಸಿದ್ದಯ್ಯ

*

ತೋಟದ ಮನೆ
20-4-1979

ಗಿರಿಜಾಗೆ,

ನಂಗೆ ನಿನ್ನಂಗೆ ಕಾಗದ ಬರೆಯಾಕೆ ಬರಲ್ಲ. ಮಾತಾಡ್ದಂಗೆ ಬರೀತೀನಿ, ನಗಬ್ಯಾಡ. ಹಸ ಯಾರನ್ನೂ ಹತ್ರ ಸೇರಿಸ್ತಿಲ್ಲ. ತಿಮ್ಮಕ್ಕನ್ನ ಒದ್ದು ಕೆಡವ್ತು. “ನಿಮ್ಮನೆ ಹಸೀಗೂ ಗಿರಿಜವ್ವನೇ ಬೇಕಂತೆ ಕಣಪ್ಪ, ಹೋಗಿ ಕರ್ಕಂಬಾ” ಅಂತಾಳೆ. ಪುಟ್ಟಿ ನನ್ನ ಕೇಳ್ತಾಳಾ?

ಅವತ್ತು ನಾನು ಸುಮ್ನಾಗಿದ್ದು ಯಾಕೆ ಗೊತ್ತಾ? ಆ ಡ್ರೆಸ್ಸು ನೋಡಿ ಅಲ್ಲ. ಅದನ್ನ ಸುತ್ತಿತ್ತಲ್ಲ ಸೀರೆ ತುಂಡು, ಅದು ಅವ್ವನ ಮದುವೆ ಕಾಲದ್ದು. ಹಸಿರು ಅಂಚು. ಅವ್ವನ ಕೈಲಿ ಕಟ್ಟಿದ ಗಂಟು ಅಂತ ನೋಡ್ತಿದ್ದಂಗೆ ಗೊತ್ತಾಯ್ತು. ಅವ್ವನ ವಿಷ್ಯ ನಾನು ಹೆಂಡ್ತಿ ಹತ್ರ ಹೆಂಗೆ ಆಡ್ಲಿ? ಅದ್ಕೆ ನೆಲ ನೋಡ್ದೆ. ನೀನು ಅದ್ಕೆ ಮದರಾಸು ಕಟ್ಟಿದ್ದೆ. ಆಕ್ಸಲ್ ಮುರಿದಿದ್ದು ನಿಜ ಕಣೇ. ಡ್ರೈವರ್ ಚಿಕ್ಕಣ್ಣನ್ನ ಕೇಳು ಬೇಕಾದ್ರೆ.

ಈಗ ಹೇಳ್ತೀನಿ. ನಾನು ತುಮಕೂರಲ್ಲಿ ಹಾಸ್ಟೆಲ್ಲಲ್ಲಿದ್ದಾಗ, ಹತ್ತು ವರ್ಷ ನಂಗೆ, ಯಾವುದೋ ಪಿಚ್ಚರ್‌ನೋರು ನಮ್ಮ ತೋಟದ ಬಾವೀಲಿ ಶೂಟಿಂಗ್ ಮಾಡಿದ್ರಂತೆ. ಅಪ್ಪ ತೋಟದ ಗೇಟು ಹಾಕ್ಸಿ ಊರೋರ್ನ ಯಾರ್ನೂ ಬಿಟ್ಟಿಲ್ಲ. ರಜಕ್ಕೆ ಬಂದಾಗ ನಂಗೆ ಗೊತ್ತಾಗಿದ್ದು. ಕೇಳಿದ್ರೆ, “ಅದ್ರ ಸುದ್ದಿ ಇನ್ನೊಂದ್ಸಲ ಎತ್ತಿದ್ರೆ ಕಾಲ್ ಮುರೀತೀನಿ ಕಣ್ಲಾ” ಅಂದಿದ್ದ ಅಪ್ಪ. ಆಗ ಆಸೆಗೆ ಆ ಜಲಜಾಕ್ಷಿ ಪಟ ಟ್ರಂಕಿಗೆ ಅಂಟಿಸ್ಕಂಡೆ. ಅಷ್ಟೇ ನನ್ನ ಕಳ್ಳತನ.

ಆ ರಜದಾಗೆ ನಂಗೆ ಬ್ಯಾಸರ ಆಗಿದ್ದು ಇನ್ನೊಂದು. ನಂಗೆ ಈಜು ಕಲಿಸಿದ್ದು ಅಕ್ಕ, ಆ ಬಾವೀಲೇ. ಮೀನಂಗೆ ಈಜೋಳು. ಆವಾಗಿಂದ ಅವಳು ಬಾವಿ ಮೆಟ್ಲು ಇಳೀಲೇ ಇಲ್ಲ. “ಬಾರೇ ಅಕ್ಕ” ಅಂದ್ರೆ ಅವ್ವ ಬೈಯೋಳು. ಮುಂದಿನ ವರ್ಷ ಅಕ್ಕನ ಮದುವೆ ಆಯ್ತು.

ಭಾವ ಮೂವತ್ತು ದಿನಕ್ಕೆ ಮುಂಚೆನೇ ನೋಟೀಸು ಕೊಟ್ಟಂಗೆ ನಂಗೂ ಕಾಗದ ಹಾಕವ್ರೆ. ಬರ್ಲಿ. ನೀನಿದ್ರೆ ನಂಗೆ ಧೈರ್ಯ.

ನಿನ್ನ
ಶಂಭುಲಿಂಗಯ್ಯ

*

ಹುಳಿಯಾರು
7-5-1979

ಪೂಜ್ಯ ಪತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಿಮ್ಮ ಮೇಲಿನ ಅನುಮಾನ ಅತ್ತೆಯವರ ಮೇಲೆ ಹೋಯಿತು, ಅಷ್ಟೇ. ಸಿನಿಮಾದವರ ಬಟ್ಟೆಯನ್ನು ಅತ್ತೆಯವರು ಕದ್ದರು ಎಂದುಕೊಂಡೆ. ಕದ್ದದ್ದನ್ನು ವಿಭೂತಿ ಇಟ್ಟು ಕಟ್ಟುವ ಕಳ್ಳರುಂಟೇ ಎಂದು ಯೋಚಿಸಲಿಲ್ಲ.

ಪೇಪರಿನಲ್ಲಿ ಬಂದ ಮೇಲೆ ಜಲಜಾಕ್ಷಿಯ ಆ ಹಳೆಯ ಸಿನಿಮಾವನ್ನು ಚಿಕ್ಕನಾಯಕನಹಳ್ಳಿಯಲ್ಲಿ ಮತ್ತೆ ಹಾಕಿದ್ದಾರೆ. ಶನಿವಾರ ನಮ್ಮವ್ವನನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ. ಸಾಕ್ಷಿ ನೋಡಲು ಹೋದೆ ಎಂದರೂ ಸರಿ.

ಬಾವಿ ನಮ್ಮದೇ. ನಾನು ಬಟ್ಟೆ ಒಗೆಯುವ ಸೀಳಿದ ಮೆಟ್ಟಿಲು ಕಂಡಿತು. ಆ ಮೆಟ್ಟಿಲ ಮೇಲೆ ಜಲಜಾಕ್ಷಿ ಈ ಉಡುಗೆಯಲ್ಲಿ ಕುಳಿತು ಕಾಲಿನಿಂದ ನೀರು ಚಿಮ್ಮುತ್ತಾ ನಗುತ್ತಾರೆ. ಮುಖ ತುಂಬ ಚೆನ್ನಾಗಿ ಕಾಣುತ್ತದೆ. ಮುಂದಿನ ದೃಶ್ಯದಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತಿರುವುದು, ಹಾರುವುದು, ಈಜುವುದು. ಅಲ್ಲಿ ಬೆನ್ನು ಮಾತ್ರ, ಮೇಲಿನಿಂದ ತಲೆ ಮಾತ್ರ. ನಮ್ಮವ್ವ ಎಲೆಯಡಿಕೆ ಜಗಿಯುತ್ತಾ, “ಇದ್ಯಾಕೆ ಇವ್ಳು ಮೊಕಾನೇ ತೋರ್ಸಲ್ಲ? ಕಡ ತಂದ ಬೆನ್ನು ಕಣೇ ಇದು” ಎಂದಳು. ಹಿಂದಿನ ಸಾಲಿನವರು ನಕ್ಕರು.

ಆ ಹುಡುಗಿ ಹಾರುವ ಮುಂಚೆ ಬಲಗೈಯನ್ನು ಮಡಚಿ ಎದೆಯ ಮೇಲೆ ಒತ್ತಿ ಹಿಡಿಯುವುದು ಹಿಂದಿನಿಂದಲೂ ತಿಳಿಯುತ್ತದೆ. ಹಿಡಿದುಕೊಂಡೇ ಹಾರುತ್ತಾಳೆ. “ನೋಡೇ, ನಾವು ಕೆರೆಗೆ ಬೀಳುವಾಗ ಲಿಂಗ ಹಿಡ್ಕಂಡು ಬೀಳ್ತಿದ್ವಲ್ಲ, ಅದೇ ತರ” ಎಂದಳು ಅವ್ವ. ಅಷ್ಟು ಹೇಳಿ ಮತ್ತೆ ಅಡಿಕೆ ಹಾಕಿಕೊಂಡಳು. ಮುಂದಿನ ಕಥೆ ನನಗೆ ತಲೆಗೆ ಹತ್ತಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಗಂಟು ಬಿಚ್ಚಿದೆ. ನನ್ನ ಕೊರಳಿನ ಲಿಂಗವನ್ನು ಆ ಕೆಂಪು ಜೇಬಿನಲ್ಲಿಟ್ಟು ಗುಂಡಿ ಹಾಕಿದೆ. ಅಳತೆ ತೆಗೆದು ಹೊಲಿದ ಹಾಗೆ ಕುಳಿತಿತು. ಇಷ್ಟು ತಿಂಗಳು ಆ ಜೇಬನ್ನು ತಿರುಗಿಸಿ ನೋಡಿದವಳಿಗೆ ನನ್ನ ಕೊರಳಲ್ಲೇ ಇದ್ದದ್ದು ಹೊಳೆಯಲಿಲ್ಲ. ಅಂಥ ಉಡುಗೆಯಲ್ಲಿ ಅಂಥದ್ದು ಇರಬಹುದೆಂದು ಯಾರಿಗೆ ಹೊಳೆದೀತು? ಆಮೇಲೆ ಪುಟ್ಟಿಯ ಹಳೆಯ ಕುಲಾವಿ ತಂದು ಪಕ್ಕದಲ್ಲಿಟ್ಟೆ. ಎರಡು ಹೊಲಿಗೆ, ಒಂದು ಗಂಟು, ಮತ್ತೆ ಎರಡು ಹೊಲಿಗೆ. ಎರಡೂ ಅತ್ತೆಯವರ ಕೈಯವು.

ಜಲಜಾಕ್ಷಿಗೆ ಈಜು ಬರುತ್ತಿರಲಿಲ್ಲ. ಬರುತ್ತಿದ್ದವರು ಒಬ್ಬರು ಆ ತೋಟದಲ್ಲಿದ್ದರು. ಅವರು ಆಸೆಯಿಂದ ಒಪ್ಪಿದರೋ, ಬಂದವರ ಕೆಲಸ ಕೆಡಬಾರದೆಂದು ಒಪ್ಪಿದರೋ ನನಗೆ ತಿಳಿಯದು. ಲಿಂಗ ತೆಗೆದಿಟ್ಟು ನೀರಿಗಿಳಿಯಲು ತಾಯಿ ಬಿಡಲಿಲ್ಲ, ಜೇಬು ಹೊಲಿದು ಕೊಟ್ಟರು. ಲಿಂಗ ಇದ್ದ ಬಟ್ಟೆಯನ್ನು ಮತ್ತೆ ಯಾರದೋ ಮೈಮೇಲೆ ಹಾಕಲು ಕೊಡುವಂತಿಲ್ಲ. ಸುಡುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ. ಅವರ ಜಾಗದಲ್ಲಿದ್ದರೆ ನಾನೂ ಅಲ್ಲೇ ಇಡುತ್ತಿದ್ದೆ. ಇದನ್ನು ಜಲಜಾಕ್ಷಿ ಕಳುವೆಂದರು, ಪೇಪರಿನವರು ಅಚ್ಚು ಹಾಕಿದರು, ನಾನು ನಂಬಿದೆ.

ಹೆಸರು ಬರೆಯುವುದಿಲ್ಲ. ನೀವೂ ಯಾರನ್ನೂ ಕೇಳಬೇಡಿ, ಅತ್ತೆಯವರನ್ನೂ ಕೇಳಬೇಡಿ. ಸುಟ್ಟುಬಿಡು ಎಂದು ಆ ಮನೆಯಿಂದ ಬಂದ ಸಾಲು ಯಾರಿಗೆ ಕೇಳಿಸಲೆಂದು ಬರೆದದ್ದೆಂದು ಈಗ ತಿಳಿಯುತ್ತದೆ. ನಾನು ಕಾಗದದ ಮೇಲೆ ಕಾಗದ ಹಾಕಿ, ಓದಬಾರದವರ ಕೈಯಲ್ಲಿ ಓದಿಸಿ, ಅವರನ್ನು ಮೂಲೆಗೆ ಒತ್ತಿದೆ. ನನ್ನನ್ನು ಕಾಪಾಡಲು ಅವರು ಅರ್ಧ ಹೇಳಿಯೂಬಿಟ್ಟಿದ್ದರು. ಆ ಅರ್ಧ ವಾಕ್ಯದ ಅರ್ಥ ಅಣ್ಣನವರಿಗೆ ಇನ್ನೂ ಹೊಳೆದಿಲ್ಲ, ಹೊಳೆಯುವ ಮುಂಚೆ ಇದನ್ನು ಮುಗಿಸಬೇಕು.

ಶುಕ್ರವಾರ ಬರುತ್ತೇನೆ. ಅಟ್ಟಕ್ಕೆ ಏಣಿ ಹಾಕಿಡಿ. ಚೆನ್ನಾಗಿ ಬಲಿತ ಐದು ಕಾಯಿ ಆರಿಸಿಡಿ. ಟ್ರಂಕಿನ ಪಟ ಹಾಗೇ ಇರಲಿ, ನನ್ನ ಅಡ್ಡಿಯಿಲ್ಲ.

ಪುಟ್ಟಿ ನಿಮ್ಮನ್ನು ದಿನಾ ಕೇಳುತ್ತಾಳೆ.

ಗಿರಿಜಾ

*

ಸೋಮಲಾಪುರ ತೋಟದ ಮನೆ
18-5-1979

ಪೂಜ್ಯ ಅಣ್ಣ ರೇವಣಸಿದ್ದಯ್ಯನವರಿಗೂ ಅತ್ತಿಗೆಯವರಿಗೂ ನಮಸ್ಕಾರಗಳು.

ಈ ಕಾಗದ ಅಣ್ಣನವರಿಗೆಂದೇ ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಓದಬಹುದು.

ನಾನು ಮನೆಗೆ ಹಿಂತಿರುಗಿದ್ದೇನೆ. ನಮ್ಮಿಬ್ಬರ ನಡುವೆ ಈಗ ಯಾವ ಅನುಮಾನವೂ ಇಲ್ಲ. ಮದರಾಸಿನಲ್ಲಿ ಲಾರಿಯ ಆಕ್ಸಲ್ ಮುರಿದದ್ದು ನಿಜವೆಂದು ಡ್ರೈವರು ಚಿಕ್ಕಣ್ಣನೇ ಹೇಳಿದ.

ಆ ವಸ್ತುವಿನ ಬಗ್ಗೆ ತಿಳಿದದ್ದು ಇಷ್ಟು. ಇಪ್ಪತ್ತು ವರ್ಷದ ಹಿಂದೆ, ನಮ್ಮ ಮಾವನವರ ಕಾಲದಲ್ಲಿ, ಸಿನಿಮಾದವರು ತೋಟದ ಬಾವಿಯಲ್ಲಿ ಚಿತ್ರ ತೆಗೆದರು. ಅದು ಜಲಜಾಕ್ಷಿಯವರು ಹಾಕಿಕೊಂಡ ಉಡುಗೆ. ಬೇಕಾದರೆ ಪುರವಣಿಯ ಚಿತ್ರ ಕಳಿಸುತ್ತೇನೆ. ಕಳೆದುಹೋಯಿತೆಂದು ಅವರೇ ಪೇಪರಿನಲ್ಲಿ ಹೇಳಿದ್ದಾರೆ. ಆಗ ನನ್ನ ಯಜಮಾನರು ತುಮಕೂರಿನ ಹಾಸ್ಟೆಲಿನಲ್ಲಿದ್ದ ಹುಡುಗ. ಅತ್ತಿಗೆಯವರು ಹೋದ ಸಲ ಅರ್ಧ ಬರೆದು ಬಿಟ್ಟದ್ದು ಇದನ್ನೇ ಇರಬೇಕು.

ಸುಟ್ಟುಬಿಡು ಎಂದು ಅತ್ತಿಗೆಯವರು ಮೊದಲೇ ಹೇಳಿದ್ದರು. ಹಿರಿಯರ ಮಾತು ಮೀರಬಾರದಿತ್ತು. ಸೋಮವಾರ ಮಡಿಯಲ್ಲಿ ತೆಂಗಿನ ಚಿಪ್ಪಿನ ಒಲೆ ಹಚ್ಚಿದೆ. ಇನ್ನು ಆ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ತಾವು ಹಿರಿಯರನ್ನು ಕರೆದುಕೊಂಡು ಬಂದರೆ ಅವರ ಮುಂದೆ ಇಡಲು ನನ್ನಲ್ಲಿ ಏನೂ ಇಲ್ಲ. ಬಿಸಿಲಿನಲ್ಲಿ ಅವರಿಗೆ ಯಾಕೆ ತೊಂದರೆ?

ಅತ್ತೆಯವರಿಗೆ ಒಂದು ಮಾತು ತಿಳಿಸಬೇಕು. ನಾನಿಲ್ಲದೆ ತಡವಾಗಿದ್ದ ಹೊಸ ಕಾಯಿಯನ್ನು ಅಟ್ಟಕ್ಕೆ ತುಂಬುವ ಮುಂಚೆ, ಅದೇ ಸೋಮವಾರ, ಈಶಾನ್ಯ ಮೂಲೆಯಲ್ಲಿ ಐದು ಕಾಯಿ ನಾನೇ ಇಟ್ಟೆ. ವಿಭೂತಿ ಹಚ್ಚಿ ಇಟ್ಟೆ. ನಾನಿರುವವರೆಗೆ ಅವನ್ನು ಯಾರೂ ಕದಲಿಸುವುದಿಲ್ಲ. ಇನ್ನು ಅವರು ಅಳಬೇಕಾಗಿಲ್ಲ.

ಇನ್ನೊಂದು ಕೇಳಿಕೆ. ಪುಟ್ಟಿಗೆ ಆರು ತುಂಬಿತು. ತೋಟದ ಮನೆಯಲ್ಲಿ ಬೆಳೆಯುವ ಮಗು ಈಜು ಕಲಿಯದೆ ಇದ್ದರೆ ಹಗಲೆಲ್ಲ ನನಗೆ ಬಾವಿಯದೇ ಭಯ. ಇವರಿಗೆ ಕಲಿಸಿದವರು ಅತ್ತಿಗೆಯವರೇ ಎಂದು ಕೇಳಿದೆ. ಅಣ್ಣನವರು ಒಪ್ಪಿ, ಅತ್ತೆಯವರನ್ನು ಮನೆಗೆ ಬಿಡಲು ಬರುವಾಗ ಅತ್ತಿಗೆಯವರನ್ನು ಒಂದು ವಾರ ಇಲ್ಲಿ ಉಳಿಯಲು ಕಳಿಸಿಕೊಡಬೇಕು.

ತಮ್ಮ ಆಜ್ಞಾಧಾರಕಳು,
ಗಿರಿಜಾಂಬಿಕಾ

*

(ಕಾರ್ಡು)

ತಿಪಟೂರು
24-5-1979

ಗಿರಿಜಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಯಜಮಾನರು ಎರಡು ಸಲ ಓದಿದರು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾಳೆ ಎಂದರು. ಭಾನುವಾರ ಬರುವುದನ್ನು ಬಿಟ್ಟಿದ್ದಾರೆ. ಅರಸೀಕೆರೆಯವರು ಒಪ್ಪಿದ್ದಾರೆ.

ಅವ್ವನನ್ನು ಕರೆದುಕೊಂಡು ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ವಾರ ಇರುತ್ತೇನೆ. ನೀರಲ್ಲಿ ತೇಲಲೆಂದು ಪುಟ್ಟಿಯ ಸೊಂಟಕ್ಕೆ ಕಟ್ಟಲು, ಮಟ್ಟೆ ಸಮೇತ ಒಣಗಿದ ಎರಡು ಕಾಯಿ ಜೋಡಿಸಿ ಇಡಲು ಶಂಭುಗೆ ಹೇಳು. ಹಗ್ಗ ಹೊಸದಿರಲಿ.

ಮಗು ಲಿಂಗ ಬಿಟ್ಟು ನೀರಿಗಿಳಿಯುವುದು ಬೇಡ. ಅವಳ ಲಂಗದ ಒಳಗಡೆ ಒಂದು ಜೇಬು ಬೇಕಾಗುತ್ತದೆ. ಕೆಂಪು ಬಟ್ಟೆ ತಂದಿದ್ದೇನೆ. ಅವ್ವನಿಗೆ ಇನ್ನೂ ಸೂಜಿ ಕಾಣುವುದಿಲ್ಲ, ಈ ಸಲ ನಾನೇ ಹೊಲಿಯುತ್ತೇನೆ.

ದ್ರಾಕ್ಷಾಯಣಿ